ಮೂಸಿ ನೋಡಿದವರು ಯಾರು

ಜನವರಿ ಹದಿನೆಂಟು, ಮಧ್ಯಾಹ್ನ ಎರಡು ನಲವತ್ತು. ಸುರೇಬಾನದ ನಿಜಗುಣಪ್ಪ ರಾಮದುರ್ಗ ಠಾಣೆಗೆ ಬಂದಾಗ ಅವರ ತಲೆಗೆ ಸುತ್ತಿದ್ದ ಹೊಸ ಪಟಕಾ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು.

"ಮನ್ಯಾಗ ಬಸುರಿ ಸೊಸಿ ಕುಬಸ ಇತ್ರಿ. ಎಣಗಾಯಿ ಪಲ್ಯದಾಗ ಹತ್ತಿಗೆ ಹೊಡಿಯೋ ಎಣ್ಣಿ ಬಿದ್ದೈತಿ. ಮೊದಲ ತುತ್ತು ಬಸುರಿಗೇ ಹೋಗೇತಿ. ಅಡಗಿ ಮಾಡಿದಾಕಿ ಇಂದ್ರವ್ವ. ಅಷ್ಟು ನಾರಾಕತ್ತಿದ್ರೂ ಸುಮ್ನ ಬಡಿಸ್ಯಾಳ್ರಿ."

ಪಿಎಸ್‌ಐ ಅನ್ನಪೂರ್ಣಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಉಳವಪ್ಪನೊಂದಿಗೆ ಮೊದಲು ಆಸ್ಪತ್ರೆಗೆ ಹೋದರು. ತಾಯಿಗೂ ಮಗುವಿಗೂ ಅಪಾಯವಿಲ್ಲ, ಒಂದು ದಿನ ನೋಡಬೇಕು ಎಂದರು ವೈದ್ಯರು.

"ವಾಸನಿ ಬಂದ್ರೂ ಯಾಕ ತಿಂದಿ ತಂಗಿ?" ಎಂದು ಅನ್ನಪೂರ್ಣಾ ಕೇಳಿದರು.

ಸೊಸೆ ಸಪ್ನಾ ಮೆಲ್ಲಗೆ ಹೇಳಿದಳು. "ಬಸುರಾದಾಗಿಂದ ನನಗ ಎಲ್ಲಾ ನಾರತೈತ್ರಿ, ಹಾಲು ಸೈತ. ಇದೂ ನನ್ನ ಮೂಗಿಂದ ತಪ್ಪು ಅನ್ಕೊಂಡೆ. ಎರಡು ತುತ್ತು ತಿಂದೆ."

ನಾಲ್ಕು ಗಂಟೆಗೆ ಸುರೇಬಾನದಲ್ಲಿ ನಿಜಗುಣಪ್ಪನವರ ಮನೆಯಲ್ಲಿ ಪಂಚನಾಮೆ. ಪಂಚರಿಬ್ಬರೂ ಮೂಗು ಮುಚ್ಚಿಕೊಂಡೇ ಸಹಿ ಹಾಕಿದರು. ಇಂದ್ರವ್ವ ಮಾತ್ರ ಪಾತ್ರೆಯ ಮೇಲೆ ಬಾಗಿ, ಮುಖ ಕಿವುಚದೆ, ಬದನೆಕಾಯಿಗಳನ್ನು ದಿಟ್ಟಿಸುತ್ತಿದ್ದಳು. ಅದು ಅನ್ನಪೂರ್ಣಾ ಕಣ್ಣಿಗೆ ಬಿತ್ತು. ಒಂದು ಎಸಳು ಬೆಳ್ಳುಳ್ಳಿ ಜಜ್ಜಿ, ಮುಷ್ಟಿಯಲ್ಲಿ ಮುಚ್ಚಿ ಅವಳ ಮೂಗಿನ ಹತ್ತಿರ ಹಿಡಿದರು.

"ಏನೈತಿ ಹೇಳ್ರಿ."

ಇಂದ್ರವ್ವ ತಲೆ ತಗ್ಗಿಸಿದಳು. "ಗೊತ್ತಾಗಂಗಿಲ್ರಿ. ಕೊರೊನಾ ಬಂದು ಹ್ವಾದ ಮ್ಯಾಲೆ ನಾಕು ವರ್ಷ ಆತು, ಯಾವ ವಾಸನಿನೂ ಇಲ್ಲ. ಹೇಳಿದ್ರ ಅಡಗಿಗೆ ಯಾರು ಕರೀತಾರ್ರಿ?"

"ಮತ್ತ ಅಡಗಿ ಹೆಂಗ ಮಾಡತೀರಿ?"

"ಉಪ್ಪು, ಹುಳಿ, ಖಾರ ನಾಲಿಗಿಗೆ ತಿಳಿತಾವ. ಉಳಿದದ್ದಕ್ಕ ಕಿವಿ, ಕೈ."

ಉಳವಪ್ಪನಿಗೆ ನಂಬಿಕೆ ಬರಲಿಲ್ಲ. ಅವಳು ಸೆರಗಿನಿಂದ ಕಣ್ಣು ಕಟ್ಟಿಕೊಂಡು ಬಾಣಲಿಗೆ ಎಳ್ಳು ಸುರುವಿದಳು. ಚಟಪಟ ಸದ್ದು ಏರಿ, ಇನ್ನೇನು ಇಳಿಯಬೇಕು ಎನ್ನುವಾಗ ಬಾಣಲಿ ಕೆಳಗಿಟ್ಟಳು. ಎಳ್ಳು ಹದವಾಗಿ ಹುರಿದು ಪರಿಮಳ ಪಡಸಾಲೆಯವರೆಗೂ ಹರಡಿತ್ತು. ಆ ಮನೆಯಲ್ಲಿ ಅದು ಸಿಗದಿದ್ದುದು ಅವಳೊಬ್ಬಳಿಗೆ. ಉಳವಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಬದನಿಕಾಯಿ ತೊಟ್ಟು ಮ್ಯಾಲ ಮಾಡಿ ಇಟ್ಟಿದ್ದೆ," ಎಂದಳು ಇಂದ್ರವ್ವ. "ಬಡಿಸೋ ಮುಂದ ನೋಡಿದ್ರ ತೊಟ್ಟು ಕೆಳಗ ಹೊಳ್ಳಿದ್ವು. ಯಾರೋ ರುಚಿ ನೋಡಾಕ ಸೌಟು ಹಾಕ್ಯಾರ ಅನ್ಕೊಂಡೆ."

"ಬಡಿಸೋ ಮುಂದ ನಿಮ್ಮ ಪರವಾಗಿ ಮೂಸಿ ನೋಡಿದವರು ಯಾರು?"

ಅವಳು ಬಾಣಲಿಯ ಎಳ್ಳನ್ನು ತಟ್ಟೆಗೆ ಸುರುವಿದಳು. "ಜೋಡಿ ಅಡಗಿ ಮಾಡೋ ಗುರುಬಸವ್ವ. ಆಕಿ ಒಬ್ಬಾಕಿಗೆ ಗೊತ್ತೈತ್ರಿ ಇದು. ಘಮ್ ಅಂತೈತಿ, ಬಡಸು ಅಂದ್ಲು. ಆಕಿ ಹಂತಾಕಿ ಅಲ್ರಿ."

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಮರುದಿನ ಬೆಳಿಗ್ಗೆ ಏಳೂವರೆಗೆ, ಮಹಿಳಾ ಕಾನ್‌ಸ್ಟೆಬಲ್ ಮೀನಾಳನ್ನೂ ಕರೆದುಕೊಂಡು ಅನ್ನಪೂರ್ಣಾ ಗುರುಬಸವ್ವನ ಮನೆಗೆ ಹೋದರು. ಗುರುಬಸವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

"ನಿನ್ನೆ ಪಲ್ಯ ಮೂಸಿ ನೋಡಿದ್ರಿ?"

"ನೋಡೇನ್ರಿ. ನೆಗಡಿ ಆಗೇತಿ, ಮೂಗು ಕಟ್ಟೇತಿ. ಏನೂ ತಿಳಿವಲ್ದು."

"ಯಾವಾಗಿಂದ?"

"ನಾಕು ದಿನ ಆತು." ಹೇಳುತ್ತಲೇ ಅವಳು ಒಳಗೆ ಮುಖ ಮಾಡಿ ಮಗಳನ್ನು ಕೂಗಿದಳು. "ಏ ಶೀತಲ್, ಹಾಲು ತಳ ಹತ್ತಾಕತ್ತೇತಿ, ಉರಿ ಸಣ್ಣ ಮಾಡ."

ಅನ್ನಪೂರ್ಣಾಗೆ ಇನ್ನೂ ಯಾವ ವಾಸನೆಯೂ ಬಂದಿರಲಿಲ್ಲ. ಅವರು ಅಡುಗೆಮನೆಗೆ ಹೋಗಿ ನೋಡಿದರು. ಹಾಲಿನ ತಳ ಆಗಷ್ಟೇ ಕಂದುತ್ತಿತ್ತು.

"ಭಾಳ ಚಲೋ ಮೂಗೈತಿ ನಿಮ್ಮದು," ಎಂದರು ಹೊರಗೆ ಬಂದು.

ಗುರುಬಸವ್ವ ಸೆರಗು ಮುಖಕ್ಕೆ ಒತ್ತಿಕೊಂಡಳು. ಎಣ್ಣೆ ಎಲ್ಲಿದೆ ಎಂದು ತಾನೇ ತೋರಿಸಿದಳು. ಪಂಚರ ಸಮಕ್ಷಮ ಹಿತ್ತಲಿನ ಕಟ್ಟಿಗೆ ರಾಶಿಯಿಂದ ಕೀಟನಾಶಕದ ಬಾಟಲಿ ಜಪ್ತಿಯಾಯಿತು. ಒಂಬತ್ತು ಇಪ್ಪತ್ತಕ್ಕೆ ಬಂಧನ. ಅದೇ ಹೊತ್ತಿಗೆ ಸಪ್ನಾ ಮನೆಗೆ ಹೊರಟಳು ಎಂದು ಆಸ್ಪತ್ರೆಯಿಂದ ಫೋನ್ ಬಂತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಗುರುಬಸವ್ವನ ದನಿ ಏರಲಿಲ್ಲ.

"ಕೊಲ್ಲಬೇಕಂತ ಇರಲಿಲ್ರಿ. ಮಂದಿ ಮೂಸಿ ಎಲಿ ದೂಡತಾರ, ಆಕಿ ಗುಟ್ಟು ಹೊರಗ ಬೀಳತೈತಿ ಅನ್ಕೊಂಡಿದ್ದೆ. ಆ ಹುಡುಗಿ ತಿಂತೈತಿ ಅಂತ ಕನಸಿನ್ಯಾಗೂ ಇರಲಿಲ್ಲ. ಮೂವತ್ತು ವರ್ಷ ನಾ ಅಡಗಿ ಮಾಡೇನಿ. ಈಗ ಎಲ್ಲಾರಿಗೂ ಇಂದ್ರವ್ವನ ಪಲ್ಯ ಬೇಕು. ನನ್ನ ಕರಿಯೋದು ಆಕಿ ಒಲಿ ಮುಂದ ನಿಂತು ಮೂಸಾಕ."

ಅನ್ನಪೂರ್ಣಾ ಪೆನ್ನು ಎತ್ತಿ ಕಾದರು.

"ನಿನ್ನ ಅಡಗಿ ಭಾಳ ಚಲೋ ಅಂತ ದಿನಾ ಅನ್ನಾಕಿ ಆಕಿ ಒಬ್ಬಾಕಿ ಇದ್ಲು ನೋಡ್ರಿ. ವಾಸನಿನ ತಿಳೀದಾಕಿ."