ಅಪಸ್ವರದ ರಾಜಕುಮಾರನೂ ಹಾಡಿನ ಭರಣಿಗಳೂ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಗುನುಗೂರು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಡದವರೇ ಇರಲಿಲ್ಲ. ಮೊಸರು ಕಡೆಯುವವರು ಹಾಡುತ್ತಿದ್ದರು, ರಾಗಿ ಬೀಸುವವರು ಹಾಡುತ್ತಿದ್ದರು, ಕಳ್ಳನನ್ನು ಅಟ್ಟಿಸಿಕೊಂಡು ಓಡುವ ತಳವಾರನೂ ಏದುಸಿರಿನ ನಡುವೆ ಒಂದು ಸಾಲು ಗುನುಗುತ್ತಿದ್ದ. ಅದರಿಂದ ಕಳ್ಳನಿಗೇ ಅನುಕೂಲವಾಗುತ್ತಿತ್ತು, ಆ ಮಾತು ಬೇರೆ.

ಆ ರಾಜ್ಯದ ರಾಜಕುಮಾರ ಹೇಮಕೇತು. ಕತ್ತಿವರಸೆಯಲ್ಲಿ ಗಟ್ಟಿಗ, ಕುದುರೆ ಸವಾರಿಯಲ್ಲಿ ನಿಸ್ಸೀಮ, ನೋಡಲು ಲಕ್ಷಣವಂತ. ಆದರೆ ಹಾಡಲು ಬಾಯಿ ತೆರೆದನೆಂದರೆ ಮುಗಿಯಿತು. ಸ್ವರ ಒಂದು ದಾರಿ ಹಿಡಿದರೆ ಅವನು ಇನ್ನೊಂದು ದಾರಿ ಹಿಡಿಯುತ್ತಿದ್ದ. ಹುಡುಗನಾಗಿದ್ದಾಗ ಒಮ್ಮೆ ತುಂಬಿದ ಸಭೆಯಲ್ಲಿ ಹಾಡಲು ನಿಂತಿದ್ದ. ಸಭೆ ಗೊಳ್ಳೆಂದು ನಕ್ಕಿತು. ಅವನು ಹಾಡನ್ನು ಅರ್ಧಕ್ಕೇ ಬಿಟ್ಟು ಓಡಿಹೋದ. ಅಂದಿನಿಂದ ಅವನು ಹಾಡುತ್ತಿದ್ದುದು ಒಬ್ಬಳ ಮುಂದೆ ಮಾತ್ರ. ಅವಳು ಅವನ ಪುಟ್ಟ ತಂಗಿ ಮಂದಾರವಲ್ಲಿ.

ಐದು ವರ್ಷದ ವಲ್ಲಿಗೆ ತಲೆಯ ಮೇಲೆ ನೀರು ಬಿದ್ದರೆ ಆಗುತ್ತಿರಲಿಲ್ಲ. ದಾಸಿಯರು ಚೊಂಬು ಎತ್ತಿದರೆ ಸಾಕು, ಅರಮನೆಯ ಪಾರಿವಾಳಗಳೆಲ್ಲ ಹಾರಿಹೋಗುವಂತೆ ಕಿರುಚುತ್ತಿದ್ದಳು. ಆಗ ಹೇಮಕೇತು ಬಚ್ಚಲುಮನೆಯ ಹೊಸ್ತಿಲಲ್ಲಿ ಕುಳಿತು, ತಾನೇ ಕಟ್ಟಿದ ಹಾಡು ಹೇಳುತ್ತಿದ್ದ:

ಚೊಂಬಲಿ ನೀರು ಚಿಳ್ ಚಿಳ್ ಚಿಳ್
ಕಿವಿಯಲಿ ನೀರು ಗುಳ್ ಗುಳ್ ಗುಳ್
ವಲ್ಲಿಯ ಮೂಗು ಎಲ್ಲಿದೆ, ಎಲ್ಲಿ?
ಸೀಗೆಯ ನೊರೆಯಲಿ ಅಡಗಿದೆ ಇಲ್ಲಿ!

ಕೊನೆಯ 'ಇಲ್ಲಿ' ಬರುವಾಗ ಅವನ ದನಿ ಮೊಟ್ಟೆಯಿಟ್ಟ ಕೋಳಿಯ ಕೂಗಿನ ಹಾಗೆ ಮೇಲಕ್ಕೇರಿ ಒಡೆಯುತ್ತಿತ್ತು. ವಲ್ಲಿಗೆ ಅದೇ ಪ್ರಾಣ. ಅವಳೂ ಹಾಗೆಯೇ ಕೂಗಿ, ಬಾಯಿಗೆ ನೊರೆ ಹೋಗಿ, ಕೆಮ್ಮಿ ನಗುತ್ತಿದ್ದಳು. ಅಷ್ಟರಲ್ಲಿ ಸ್ನಾನ ಮುಗಿದಿರುತ್ತಿತ್ತು.

ಊರಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವಳು ತಾಳದಜ್ಜಿ. ಅವಳ ಪಾಠ ನಡೆಯುತ್ತಿದ್ದುದು ಹಲಸಿನ ಮರದ ಕೆಳಗೆ. ಮಕ್ಕಳು ಸರಳೆ ಹೇಳುತ್ತ ಕುಂಟೆಬಿಲ್ಲೆ ಆಡುತ್ತಿದ್ದರು, ತೊಡೆ ತಟ್ಟುತ್ತ ತಾಳ ಕಲಿಯುತ್ತಿದ್ದರು. ಹೊಸ ಮಗು ಬಂದರೆ ಅಜ್ಜಿ ಮೊದಲು ಕೇಳುತ್ತಿದ್ದುದು ಒಂದೇ ಮಾತು. "ನಿಮ್ಮ ಮನೇಲಿ ಏನು ಹಾಡ್ತೀರೋ ಅದನ್ನ ಹಾಡು ಕಂದ. ಆಮೇಲೆ ನನ್ನ 'ಸ' ಹೇಳಿಕೊಡ್ತೀನಿ."

ಹೀಗಿರುವಾಗ ಒಂದು ದಿನ ಘೋಷಕಂಠನೆಂಬ ಪಂಡಿತ ಬಂಗಾರದ ತಂಬೂರಿ ಹಿಡಿದು ಪಲ್ಲಕ್ಕಿಯಲ್ಲಿ ಬಂದ. ಅವನು ಅರಮನೆಯ ಅಂಗಳದಲ್ಲಿ ನಿಂತು ಹಾಡಿದ. ಆರಿದ್ದ ದೀಪಗಳು ಹತ್ತಿಕೊಂಡವು. ಕಾರಂಜಿಯ ನೀರು ನಿಂತು ಕೇಳಿತು. ನಿಜ ಹೇಳಬೇಕೆಂದರೆ ಅವನು ಮಾಂತ್ರಿಕ. ಆದರೆ ಅಷ್ಟು ಚೆನ್ನಾಗಿ ಹಾಡುವವನನ್ನು ಯಾರು ತಾನೇ ಅನುಮಾನಿಸುತ್ತಾರೆ?

ರಾಣಿ ಕಮಲಾಂಬಿಕೆ ಮನಸೋತಳು. "ನಮ್ಮ ವಲ್ಲಿಗೆ ಇಂಥ ಗುರು ಸಿಕ್ಕಿದ್ದು ಪುಣ್ಯ. ಆ ಅಜ್ಜಿ ಹತ್ರ ಕುಂಟೆಬಿಲ್ಲೆ ಆಡೋಕೆ ಕಳಿಸೋದು ಬೇಡ" ಎಂದಳು. ರಾಣಿ ಹೇಳಿದ ಮೇಲೆ ಊರೂ ಅದನ್ನೇ ಹೇಳಿತು.

"ಬುದ್ಧೀ, ತಮಗೆ ದಕ್ಷಿಣೆ ಏನು ಕೊಡೋಣ?" ಎಂದು ಜನ ಕೈಮುಗಿದು ಕೇಳಿದರು.

"ನನಗೆ ಹೊನ್ನು ಬೇಡ, ಹಸು ಬೇಡ" ಎಂದ ಘೋಷಕಂಠ. "ನೀವು ಮನೆಯಲ್ಲಿ ಗೊಣಗಿಕೊಳ್ಳುವ ಪುಡಿಹಾಡುಗಳಿವೆಯಲ್ಲ, ತೊಟ್ಟಿಲ ಹಾಡು, ತುತ್ತಿನ ಹಾಡು, ಬಚ್ಚಲ ಹಾಡು, ಅವು ಮಕ್ಕಳ ಗಂಟಲಿಗೆ ಕಸ. ಆ ಕಸವನ್ನು ನನಗೆ ಧಾರೆ ಎರೆದುಬಿಡಿ. ಆಮೇಲೆ ಪಾಠ."

ಜನ ಹಿಗ್ಗಿ ಹೀರೇಕಾಯಿಯಾದರು. ಕಸವೂ ಹೋಯಿತು, ವಿದ್ಯೆಯೂ ಬಂತು, ಇನ್ನೇನು ಬೇಕು?

ಗುನುಗೂರಿನಲ್ಲಿ ಒಂದು ಪದ್ಧತಿಯಿತ್ತು. ಒಂದು ಮನೆಯವರು ಏನನ್ನಾದರೂ ದಾನ ಕೊಡುವುದಾದರೆ, ಮನೆಯವರೆಲ್ಲ ಕೈಯ ಮೇಲೆ ಕೈಯಿಟ್ಟು ನೀರು ಎರೆಯಬೇಕು. ನೀರು ಮುಟ್ಟಿದವರಿಗೆ ಆ ವಸ್ತುವಿನ ಮೇಲೆ ಹಕ್ಕಿಲ್ಲ. ವಿಜಯದಶಮಿಯಂದು ಮನೆಮನೆಯಲ್ಲೂ ಧಾರೆ ನಡೆಯಿತು. ಮನೆಗೊಂದು ಭರಣಿಯಲ್ಲಿ ಘೋಷಕಂಠ ಆ ನೀರನ್ನು ಹಿಡಿದ, ಮುಚ್ಚಳ ಮುಚ್ಚಿ ಅರಗಿನ ಮುದ್ರೆ ಒತ್ತಿದ.

ಅರಮನೆಯಲ್ಲಿ ವಲ್ಲಿ ರೇಷ್ಮೆ ಲಂಗ ಉಟ್ಟು ತಾಯಿಯ ತೊಡೆಯ ಮೇಲೆ ಕುಳಿತಿದ್ದಳು. ಹೇಮಕೇತುವೂ ಕೈ ಚಾಚಿದ. ರಾಣಿ ಅವನ ಕೈ ಹಿಡಿದು ಪಿಸುಗುಟ್ಟಿದಳು. "ನೀನು ಬೇಡ ಕಣೋ. ಮಗು ಮೊದಲನೇ ಪಾಠಕ್ಕೆ ಕೂತಿದಾಳೆ. ನಿನ್ನ ಅಪಸ್ವರ ಅವಳಿಗೆ ಅಂಟಿಕೊಂಡ್ರೆ? ಸ್ವಲ್ಪ ಹೊತ್ತು ಬಾಗಿಲ ಹಿಂದೆ ನಿಂತಿರು, ನನ್ನ ರಾಜ."

ಅವನು ಬಾಗಿಲ ಹಿಂದೆ ಹೋಗಿ ನಿಂತ. ಅವನಿಗೆ ಅಳು ಬಂತು. ಬೆಳೆದ ಗಂಡಸು, ಕತ್ತಿವರಸೆಯ ಗಟ್ಟಿಗ, ಬಾಗಿಲ ಸಂದಿಯಲ್ಲಿ ಮೂಗು ಒರೆಸಿಕೊಂಡ.

ಮಾರನೆಯ ದಿನ ಊರು ಎದ್ದಾಗ ಘೋಷಕಂಠನೂ ಇಲ್ಲ, ಪಲ್ಲಕ್ಕಿಯೂ ಇಲ್ಲ, ಭರಣಿಗಳೂ ಇಲ್ಲ. ತೊಟ್ಟಿಲು ತೂಗುವ ತಾಯಂದಿರು ಬಾಯಿ ತೆರೆದರು. ಒಂದು ಪದವೂ ನೆನಪಾಗಲಿಲ್ಲ. ಮಕ್ಕಳು ಮಲಗಲಿಲ್ಲ, ತುತ್ತು ನುಂಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಮಾತೂ ಹೋಯಿತು, ಸಂಜೆಗೆ ನಗುವೂ ಹೋಯಿತು. ದಾಸಿಯರು ವಲ್ಲಿಯ ತಲೆಗೆ ನೀರು ಹಾಕಿದರು. ಅವಳು ಕಿರುಚಲಿಲ್ಲ, ಸುಮ್ಮನೆ ಕುಳಿತಿದ್ದಳು. ಅದನ್ನು ಕಂಡು ರಾಣಿ ಎದೆ ಬಡಿದುಕೊಂಡು ಅತ್ತಳು. "ಅಯ್ಯೋ, ಕೈಯಾರೆ ನೀರು ಬಿಟ್ಟು ಕೊಟ್ಟೆನಲ್ಲಾ!"

ಹೇಮಕೇತು ತಾಳದಜ್ಜಿಯ ಬಳಿ ಓಡಿದ. ಅಜ್ಜಿ ಹಲಸಿನ ಮರದ ಕೆಳಗೆ ಒಬ್ಬಳೇ ಕುಳಿತಿದ್ದಳು.

"ಅವನು ಮೂಗಬೆಟ್ಟದ ಮಾಂತ್ರಿಕ, ಮಗಾ" ಎಂದಳು ಅಜ್ಜಿ. "ಒಂದು ಮನೆಯ ಭರಣಿ ಆ ಮನೆಯವರ ಹಾಡಿಗೇ ತೆರೆಯೋದು. ಒಂದು ತೆರೆದರೆ ಸಾಕು, ಎಲ್ಲಾ ತೆರೀತವೆ. ಆದರೆ ಇನ್ನು ನಾಲ್ಕೇ ದಿನ, ಸೀಗೆ ಹುಣ್ಣಿಮೆಯ ಸೂರ್ಯ ಮುಳುಗೋದರೊಳಗೆ ಆಗಬೇಕು. ಆಮೇಲೆ ಅರಗು ಕಲ್ಲಾಗುತ್ತೆ, ಮಕ್ಕಳ ದನಿ ಯಾವತ್ತಿಗೂ ಅವನದೇ."

"ಹಾಗಾದ್ರೆ ಯಾರನ್ನ ಕಳಿಸೋಣ ಅಜ್ಜಿ?"

"ನನ್ನ ಮನೆ ಭರಣಿ ಅವನ ಹತ್ರ ಇಲ್ಲ, ನಾನು ಕೊಡಲಿಲ್ಲ. ಕೊಟ್ಟವರಿಗೆಲ್ಲ ಹಾಡು ಮರೆತುಹೋಗಿದೆ. ಮನೆಯವರು ಕೊಟ್ಟರೂ ತಾನು ನೀರು ಮುಟ್ಟದೆ ಉಳಿದವನು ಊರಿಗೆಲ್ಲ ಒಬ್ಬನೇ. ಬಾಗಿಲ ಹಿಂದೆ ನಿಂತಿದ್ದೋನು."

"ನಾನಾ? ನನಗೆ ಹಾಡೋಕೆ ಬರಲ್ಲ ಅಜ್ಜಿ!"

"ಬರಲ್ಲ ಅಂತ ಯಾರು ಹೇಳಿದ್ದು? ಚೆನ್ನಾಗಿ ಬರಲ್ಲ, ಅಷ್ಟೇ. ಕೂತ್ಕೊ, ಎರಡು ಪಾಠ ಹೇಳಿಕೊಡ್ತೀನಿ."

ಮೊದಲನೆಯದು ತಾಳದ ಪಾಠ. ತೊಡೆಯ ಮೇಲೆ ಒಂದು ತಟ್ಟು, ಮೂರು ಬೆರಳು. ಮತ್ತೆ ಒಂದು ತಟ್ಟು, ಅಂಗೈ ಮೇಲಕ್ಕೆ ತಿರುವು. ಮತ್ತೆ ಒಂದು ತಟ್ಟು, ಅಂಗೈ ಮೇಲಕ್ಕೆ ತಿರುವು. ತೊಡೆ ಕೆಂಪಾಗುವವರೆಗೂ ಅಜ್ಜಿ ಬಿಡಲಿಲ್ಲ. ಎರಡನೆಯದು ಒಂದೇ ಮಾತಿನ ಪಾಠ. "ತಪ್ಪಿದರೆ ನಿಲ್ಲಿಸಬೇಡ. ಮುಂದಕ್ಕೆ ಹೋಗು."

ಹೇಮಕೇತು ಕುದುರೆ ಏರಿ ಹೊರಟ. ಹಗಲೂ ಸವಾರಿ, ಇರುಳೂ ಸವಾರಿ. ದಾರಿಗೆ ಅಡ್ಡವಾಗಿ ಒಂದು ಹೊಳೆ ಬಂತು. ಹೊಳೆಯ ತುಂಬ ಮೈಚಾಚಿ ಒಂದು ಮಾಯಾ ಮೊಸಳೆ ಬಿದ್ದುಕೊಂಡಿತ್ತು. ಅದರ ಕಣ್ಣು ಕೆಂಡದಂತೆ ಕೆಂಪಾಗಿತ್ತು.

"ತಿನ್ನಲಾ?" ಎಂದಿತು ಮೊಸಳೆ.

"ತಿನ್ನೋದಾದ್ರೆ ತಿನ್ನು. ಆದರೆ ನಿನ್ನ ಕಣ್ಣಿಗೇನಾಯ್ತು?"

"ನಿದ್ದೆ ಇಲ್ಲಪ್ಪಾ! ನಿಮ್ಮೂರ ಹೆಂಗಸರ ಜೋಗುಳ ನೀರಿನ ಮೇಲೆ ಇಲ್ಲೀವರೆಗೂ ತೇಲಿ ಬರ್ತಿತ್ತು, ನನ್ನ ಮರಿಗಳೂ ಮಲಗ್ತಿದ್ವು. ಈಗ ಆ ಹಾಡೂ ಇಲ್ಲ, ಈ ಪಿಶಾಚಿಗಳು ಕಣ್ಣೂ ಮುಚ್ಚಲ್ಲ." ಅದರ ಬೆನ್ನ ಮೇಲೆ ಒಂದು ಹಿಂಡು ಮರಿಗಳು ಕಚ್ಚಾಡುತ್ತ ಉರುಳಾಡುತ್ತಿದ್ದವು.

ಹೇಮಕೇತು ದಡದಲ್ಲಿ ಕುಳಿತ. ತಾಯಿ ತನಗೆ ಹಾಡುತ್ತಿದ್ದ ಜೋಗುಳ ಅವನಿಗೆ ನೆನಪಿತ್ತು. ಹಾಡಿದ. ಮೊದಲು ಮರಿಗಳು ಬಿದ್ದು ಬಿದ್ದು ನಕ್ಕವು. ಅವನ ಕಿವಿ ಕೆಂಪಾಯಿತು, ಆದರೂ ನಿಲ್ಲಿಸಲಿಲ್ಲ. ನಕ್ಕು ನಕ್ಕು ಸುಸ್ತಾದ ಮರಿಗಳು ಒಂದೊಂದಾಗಿ ಆಕಳಿಸಿ ನಿದ್ದೆ ಹೋದವು. ಮೊಸಳೆ ಸದ್ದಿಲ್ಲದೆ ಅವನನ್ನೂ ಕುದುರೆಯನ್ನೂ ಆಚೆ ದಡಕ್ಕೆ ಮುಟ್ಟಿಸಿತು.

ಮುಂದೆ ಒಂದು ಇಕ್ಕಟ್ಟಾದ ಕಣಿವೆ. ಕಣಿವೆಯ ಬಾಯಲ್ಲಿ ಕಲ್ಲಾನೆ ನಿಂತಿತ್ತು. ಅದು ನಿಂತಲ್ಲೇ ದಡ್, ದಡ್ ಎಂದು ಕಾಲೆತ್ತಿ ಹಾಕುತ್ತಿತ್ತು. ಅದರ ಕಾಲುಗಳ ನಡುವೆಯೇ ದಾರಿ. ಕೆಳಗೆ ಬಿದ್ದ ಬಂಡೆಗಳು ಹಿಟ್ಟಾಗಿದ್ದವು.

ಹೇಮಕೇತು ಕುದುರೆಯನ್ನು ಮರಕ್ಕೆ ಕಟ್ಟಿ, ಸುಮ್ಮನೆ ನಿಂತು ಕೇಳಿದ. ಒಂದು ದಡ್, ಆಮೇಲೆ ಮೂರೆಣಿಕೆ ಮೌನ. ದಡ್, ಮೌನ. ದಡ್, ಮೌನ. ಅವನ ಕೈ ತಾನಾಗಿಯೇ ತೊಡೆಯ ಮೇಲೆ ತಟ್ಟತೊಡಗಿತು. ಅಜ್ಜಿಯ ತಾಳವೇ! ತಟ್ಟು ಬಂದಾಗ ನಿಂತ, ಬೆರಳು ಬಂದಾಗ ನಡೆದ, ತಟ್ಟಿಗೆ ನಿಂತ, ಅಂಗೈ ತಿರುಗಿದಾಗ ಜಿಗಿದ. ಒಂದು ಸಲ ಕಾಲು ತಡವಾಗಿ, ಅಂಗವಸ್ತ್ರದ ಸೆರಗು ಆನೆಯ ಕಾಲಡಿ ಸಿಕ್ಕಿ ಹರಿಯಿತು. ಹರಿದರೆ ಹರಿಯಲಿ ಎಂದು ಆಚೆ ಹಾರಿದ.

ಮೂಗಬೆಟ್ಟದ ಗುಹೆಯಲ್ಲಿ ಗೋಡೆಗೋಡೆಗೂ ಭರಣಿಗಳು. ನಡುವೆ ಘೋಷಕಂಠ ಕುಳಿತಿದ್ದ. ಅವನ ಕಣ್ಣೂ ಮೊಸಳೆಯ ಕಣ್ಣಿನಷ್ಟೇ ಕೆಂಪು. ಹೊರಗೆ ಸೀಗೆ ಹುಣ್ಣಿಮೆಯ ಸೂರ್ಯ ಇಳಿಯುತ್ತಿದ್ದ.

"ಓಹೋ, ಅಪಸ್ವರದ ರಾಜಕುಮಾರ!" ಎಂದು ಅವನು ನಕ್ಕ. "ನೂರು ವರ್ಷದಿಂದ ನನಗೆ ನಿದ್ದೆಯಿಲ್ಲ. ಇಷ್ಟು ಜೋಗುಳ ಕೂಡಿಟ್ಟೆ, ಒಂದೂ ಕೆಲಸ ಮಾಡ್ತಿಲ್ಲ. ನಿಮ್ಮ ಮನೆ ಹಾಡನ್ನ ಶುದ್ಧ ಶ್ರುತಿಯಲ್ಲಿ ಹಾಡಿ ನೋಡಿದೆ, ಮುಚ್ಚಳ ಅಲುಗಲಿಲ್ಲ. ನಿನ್ನಿಂದ ಆಗುತ್ತಾ? ಹಾಡು ನೋಡೋಣ. ನನ್ನ ಗೊರವಂಕ ಕೇಳುತ್ತೆ."

ಗೂಟದ ಮೇಲೆ ಒಂದು ಗೊರವಂಕ ಕುಳಿತಿತ್ತು. ಅದು ಮಾಯೆಯ ಹಕ್ಕಿ. ಅದು 'ತಪ್ಪು' ಎಂದಾಗ ಯಾರು ಹಾಡು ನಿಲ್ಲಿಸುತ್ತಾರೋ ಅವರು ಕಾಲಿನಿಂದ ಕಲ್ಲಾಗುತ್ತಿದ್ದರು. ಗುಹೆಯ ತುಂಬ ಬಾಯಿ ತೆರೆದ ಕಲ್ಲುಗಾಯಕರು ನಿಂತಿದ್ದರು. ಅವರೆಲ್ಲ ಹೇಮಕೇತುವಿಗಿಂತ ಚೆನ್ನಾಗಿ ಹಾಡುತ್ತಿದ್ದವರೇ.

ಹೇಮಕೇತು ಅರಮನೆಯ ಭರಣಿಯ ಮುಂದೆ ನಿಂತು ಶುರುಮಾಡಿದ. "ಚೊಂಬಲಿ ನೀರು..."

"ತಪ್ಪು!" ಎಂದಿತು ಗೊರವಂಕ.

ಅವನು ಹಾಡು ನಿಲ್ಲಿಸಿದ. ಹಳೆಯ ಸಭೆ, ಹಳೆಯ ನಗು ಕಣ್ಣ ಮುಂದೆ ಬಂತು. ಕಾಲಿನ ಹೆಬ್ಬೆರಳು ತಣ್ಣಗಾಯಿತು, ಪಾದ ಕಲ್ಲಾಯಿತು. ಆಗ ನೀರು ಸುರಿಯುವಾಗಲೂ ಸುಮ್ಮನೆ ಕುಳಿತಿದ್ದ ವಲ್ಲಿಯ ಮುಖ ನೆನಪಾಯಿತು. ಅವನು ಮುಂದಕ್ಕೆ ಹೋದ. "ಚಿಳ್ ಚಿಳ್ ಚಿಳ್!"

"ತಪ್ಪು! ತಪ್ಪು!"

"ಕಿವಿಯಲಿ ನೀರು ಗುಳ್ ಗುಳ್ ಗುಳ್!"

"ತಪ್ಪು! ತಪ್ಪು! ತಪ್ಪು!" ಗೊರವಂಕ ರೆಕ್ಕೆ ಬಡಿದು ಅರಚಿತು.

ಅವನು ತೊಡೆ ತಟ್ಟುತ್ತ ಹಾಡಿದ. ಮೂಗು ಎಲ್ಲಿದೆ ಎಂದ, ನೊರೆಯಲ್ಲಿ ಅಡಗಿದೆ ಎಂದ, ಕೊನೆಯ 'ಇಲ್ಲಿ' ಬಂದಾಗ ನಾಚಿಕೆ ಬಿಟ್ಟು, ಗುಹೆ ಮೊಳಗುವಂತೆ ಕೋಳಿಯ ಹಾಗೆ ಕೂಗಿದ.

ಭರಣಿಯ ಒಳಗಿನಿಂದ, ಅದೇ ತಪ್ಪು ಸ್ವರದಲ್ಲಿ, ಒಂದು ಎಳೆಯ ದನಿ ಕೂಗಿತು. "ಇಲ್ಲೀ!"

ಗೊರವಂಕ ಕೊಕ್ಕು ತೆರೆದು ಹಾಗೇ ಕುಳಿತಿತು. ತಲೆ ಈ ಕಡೆ ವಾಲಿಸಿತು, ಆ ಕಡೆ ವಾಲಿಸಿತು. "ಇಬ್ಬರೂ ಒಂದೇ ಥರ ಹಾಡ್ತಿದಾರೆ" ಎಂದಿತು. "ಹಾಗಾದ್ರೆ ಇದು ಹೀಗೇ ಇರೋದು. ಸರಿ!"

'ಸರಿ' ಎಂದದ್ದೇ ತಡ, ಅರಗು ಬಿರಿದು ಮುಚ್ಚಳ ಹಾರಿತು. ಅದರ ಹಿಂದೆಯೇ ಭರಣಿ ಭರಣಿಯ ಮುಚ್ಚಳವೂ ಹಾರಿತು. ಬೀಸುವ ಹಾಡು, ತುತ್ತಿನ ಹಾಡು, ಹಲ್ಲುಜ್ಜುವ ಹಾಡು, ಎಲ್ಲ ಗದ್ದಲವೆಬ್ಬಿಸುತ್ತ ಹೊರಗೆ ಹಾರಿ ಗುನುಗೂರಿನ ದಾರಿ ಹಿಡಿದವು. ಹೇಮಕೇತುವಿನ ಕಲ್ಲಾದ ಪಾದಕ್ಕೆ ಜೀವ ಬಂತು. ಕಲ್ಲುಗಾಯಕರು ಮೈ ಮುರಿದು, ನಿಲ್ಲಿಸಿದ್ದ ಸಾಲನ್ನು ಮುಂದುವರಿಸಿದರು. ಘೋಷಕಂಠ ಮಂತ್ರ ಹಾಕಲು ಕೈ ಎತ್ತಿದ. ಆದರೆ ಹೇಮಕೇತುವಿಗೆ ಅವನ ಕೆಂಪು ಕಣ್ಣು ನೋಡಿ ಅಯ್ಯೋ ಪಾಪ ಎನಿಸಿ, ಮೊಸಳೆ ಮರಿಗಳಿಗೆ ಹಾಡಿದ ಜೋಗುಳವನ್ನೇ ಅವನಿಗೂ ಹಾಡಿದ. ಭರಣಿಯ ಜೋಗುಳ ಮಾಡದ ಕೆಲಸವನ್ನು ಎದುರಿಗೆ ಕುಳಿತು ಹಾಡಿದ ಜೋಗುಳ ಮಾಡಿತು. ಎತ್ತಿದ ಕೈ ಎತ್ತಿದ ಹಾಗೆಯೇ ಅವನು ನಿದ್ದೆ ಹೋದ. ಇನ್ನೂ ಎದ್ದಿಲ್ಲ. ಅವನ ಗೊರಕೆಗೆ ಶ್ರುತಿಯಿಲ್ಲವೆಂದು ಗೊರವಂಕ ದೂರು ಹೇಳುತ್ತದಂತೆ.

ಹೇಮಕೇತು ಊರಿಗೆ ಬಂದಾಗ ಮೊದಲು ಕೇಳಿಸಿದ್ದು ವಲ್ಲಿಯ ಕಿರುಚಾಟ. ಬಚ್ಚಲುಮನೆಯಲ್ಲಿ ತಲೆಗೆ ನೀರು ಹಾಕುತ್ತಿದ್ದರು. ಅಷ್ಟು ಇಂಪಾದ ಸಂಗೀತವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ತಾಳದಜ್ಜಿಯ ಪಾಠ ಮತ್ತೆ ಶುರುವಾಯಿತು. ವಲ್ಲಿಯನ್ನು ಮೊದಲ ಪಾಠಕ್ಕೆ ಕೂರಿಸುವ ದಿನ ರಾಣಿ ತಾನೇ ಅವಳನ್ನು ಹಲಸಿನ ಮರದ ಕೆಳಗೆ ಕರೆತಂದಳು. ಊರೆಲ್ಲ ಸೇರಿತ್ತು. ಅಜ್ಜಿ ಎಂದಿನಂತೆ ಕೇಳಿದಳು. "ನಿಮ್ಮ ಮನೇಲಿ ಏನು ಹಾಡ್ತೀರೋ ಅದನ್ನ ಹಾಡು ಕಂದ."

ಹೇಮಕೇತು ಅಭ್ಯಾಸಬಲದಿಂದ ಮರದ ಹಿಂದೆ ಹೋಗಿ ನಿಂತಿದ್ದ. ರಾಣಿ ಎದ್ದು ಹೋಗಿ ಅವನ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು. "ಬಾರೋ ಮಗನೆ. ನೀನು ಮೊದಲು ಹಾಡು. ಆಮೇಲೆ ಅವಳು ಹಾಡ್ತಾಳೆ. ನನಗೂ ಹೇಳಿಕೊಡು."

ಅಂದು ರಾಣಿ, ರಾಜಕುಮಾರ, ಪುಟ್ಟ ರಾಜಕುಮಾರಿ ಮೂವರೂ ತುಂಬಿದ ಸಭೆಯ ಮುಂದೆ ಕೋಳಿಯ ಹಾಗೆ ಕೂಗಿದರು. ಸಭೆ ನಕ್ಕಿತು. ಹೇಮಕೇತುವೂ ನಕ್ಕ, ಹಾಡು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಅಜ್ಜಿ 'ಸ' ಎಂದಳು, ವಲ್ಲಿ 'ಸ' ಎಂದಳು. ಆ ಸ್ವರ ಬೆಳಗಿನ ಗಂಟೆಯ ಹಾಗೆ ನೇರವಾಗಿ, ಶುದ್ಧವಾಗಿ ಬಂತು. ಅಣ್ಣನ ಅಪಸ್ವರ ಅವಳಿಗೆ ಒಂದಿಷ್ಟೂ ಅಂಟಿರಲಿಲ್ಲ. ಅಂಟಿದ್ದು ಅವನ ಖುಷಿ ಮಾತ್ರ.

ಅಂದಿನಿಂದ ಗುನುಗೂರಿನಲ್ಲಿ ಮಗುವನ್ನು ಪಾಠಕ್ಕೆ ಕೂರಿಸುವ ದಿನ ಮನೆಯಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಹಾಡುವವರನ್ನು ಮೊದಲು ಹಾಡಿಸುತ್ತಾರೆ. ಅಲ್ಲಿಯ ಮಕ್ಕಳು ಹಾಡಿಕೊಂಡೇ ಉಂಡು, ಹಾಡಿಕೊಂಡೇ ಮಿಂದು, ಹಾಡಿಕೊಂಡೇ ಬೆಳೆದರು. ಹೊಳೆಯ ಮೊಸಳೆ ಮರಿಗಳಿಗೂ ಈಗ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಈ ಕತೆ ಕೇಳಿದ ಮಕ್ಕಳೇ, ನಿಮ್ಮ ಮನೆಯಲ್ಲಿ ಬಾಗಿಲ ಹಿಂದೆ ಯಾರಾದರೂ ನಿಂತಿದ್ದರೆ ಹೋಗಿ ಕೈ ಹಿಡಿದು ಕರೆದುಕೊಂಡು ಬನ್ನಿ.