ಹನ್ನೊಂದನೆಯ ಮಗಳು

ಕಬ್ಬಿಣದ ರಾಡು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು.

"ಸಾರ್, ತಾವು ತಿಳಿದವರು," ಅಂದ ಮೇಷ್ಟ್ರು. "ಇವತ್ತು ಎರಡು ಮನೆ ನೋಡಿದ್ದೀರಿ. ಎರಡೂ ಬಡವರ ಮನೆ ಅಂತ ರಿಪೋರ್ಟ್ ಕಳಿಸಿಬಿಡಿ. ಕಾಲು ನೆಟ್ಟಗಿದ್ರೆ ನಾಳೆ ಇನ್ನೂ ನಾಲ್ಕು ಮನೆ ನೋಡಬಹುದು."

ಎಂಥ ನಯ! ಕಾಲು ಮುರಿಯುವ ಮಾತನ್ನೂ ಬಹುವಚನದಲ್ಲೇ ಆಡುತ್ತಿದ್ದ. ಹಿಂದೆ ಟ್ಯೂಷನ್ ಹೇಳಿಕೊಡುತ್ತಿದ್ದನಂತೆ. ಹೆಸರು ಹಾಗೇ ಉಳಿದಿದೆ. ಈಗ ಉಳ್ಳವರ ಮಕ್ಕಳನ್ನು ಬಡವರನ್ನಾಗಿ ಮಾಡಿಕೊಡುವ ದಲ್ಲಾಳಿ. ರಾಡು ಹಿಡಿದವನು ಅವನ ಶಿಷ್ಯ, ಗೂಳಿ.

ಅದೊಂದು ಗ್ಯಾರೇಜು. ಶಟರ್ ಅರ್ಧ ಎಳೆದಿತ್ತು. ಬೆನ್ನಿಗೆ ಗೋಡೆ, ಪಕ್ಕದಲ್ಲಿ ಹಳೇ ಆಯಿಲ್ ತುಂಬಿದ ಡಬ್ಬ. ನನ್ನ ಕೈ ಮಾತ್ರ ಕಟ್ಟಿರಲಿಲ್ಲ...

ನಾನು ಯಾರು ಅಂತ ಹೇಳಿಬಿಡುತ್ತೇನೆ. ಬಡ ವಿದ್ಯಾರ್ಥಿಗಳ ಯೂನಿವರ್ಸಿಟಿ ಫೀಸು ಕಟ್ಟುವ ಒಂದು ಟ್ರಸ್ಟು ಇದೆ. ಅರ್ಜಿ ಹಾಕಿದವರು ನಿಜಕ್ಕೂ ಬಡವರೇ ಅಲ್ಲವೇ, ಮನೆಗೆ ಹೋಗಿ ನೋಡಿ ಬಾ ಅಂತ ನನ್ನನ್ನು ಕಳಿಸುತ್ತಾರೆ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಫ್ರಿಜ್ ಹುಡುಕುವ ಗಂಡಸು ನೀವೊಬ್ಬರೇ ಅಂತ ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ನಿಜ. ಚಟ ಆಗಿಬಿಟ್ಟಿದೆ.

ಬೆಳಿಗ್ಗೆ ಒಂದು ಮನೆ ನೋಡಿದ್ದೆ. ಒಂದೇ ಕೋಣೆ, ಒಂದು ಬಚ್ಚಲು, ಗೋಡೆಯಲ್ಲಿ ಆಳೆತ್ತರದ ತೇವದ ಕಲೆ, ಮೂರು ಕಾಲಿನ ಬೆಕ್ಕು. ಅರ್ಜಿ ಹಾಕಿದ ಹುಡುಗನ ತಾಯಿ ಕರುಳು ಕಿವುಚುವ ಹಾಗೆ ಅತ್ತಳು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಮಧ್ಯಾಹ್ನ ಇನ್ನೊಂದು ಬೀದಿ, ಇನ್ನೊಬ್ಬ ಹುಡುಗ, ಇನ್ನೊಂದು ಮನೆ. ಬಾಗಿಲು ತೆರೆಯಿತು.

ಅದೇ ತೇವದ ಕಲೆ! ಅದೇ ಬೆಕ್ಕು! ಸೀರೆ ಬದಲಾಗಿತ್ತು, ತಾಯಿ ಅವಳೇ!

ಒಂದೇ ಮನೆ. ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ. ಎರಡು ಬಾಗಿಲಿಗೆ ಎರಡು ವಿಳಾಸ. ಪಾಪ, ಈ ಮನೆಗಳನ್ನು ನೋಡಬೇಕಾದವನು ನನ್ನ ಜೊತೆಯವನು. ಅವನಿಗೆ ಮೇಷ್ಟ್ರ ಕಡೆಯಿಂದ ಮಾಮೂಲು ಹೋಗುತ್ತಿತ್ತು. ಅವನು ಜ್ವರ ಬಂದು ಮಲಗಿದ್ದರಿಂದ ನಾನು ಬಂದಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದೇ ತಪ್ಪಾಯಿತು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಗೂಳಿ ಕಾಲರ್ ಹಿಡಿದಿದ್ದ.

"ಏನಂತೀರಿ ಸಾರ್?" ಮೇಷ್ಟ್ರು ಕೇಳಿದ.

"ಫೋನ್ ಕೊಡಿ. ಈಗಲೇ ಕಳಿಸ್ತೀನಿ."

ಫೋನು ಕೈಗೆ ಬಂತು. ಕಾಲು ಆಯಿಲ್ ಡಬ್ಬಕ್ಕೆ ಬಡಿಯಿತು!

ಗೂಳಿ ರಾಡು ಬೀಸಿದ. ಚೆಲ್ಲಿದ ಆಯಿಲಿನಲ್ಲಿ ಅವನ ಕಾಲು ಜಾರಿ, ರಾಡು ಒಂದು ಕಡೆ, ಅವನು ಒಂದು ಕಡೆ! ನಾನು ಶಟರ್ ಅಡಿ ನುಸುಳಿ ಓಟ ಕಿತ್ತೆ. ನನ್ನ ವಯಸ್ಸಿನವರು ಹಾಗೆ ಓಡಬಾರದು. ಎದೆ ನಗಾರಿ ಆಗಿತ್ತು. ಹಿಂದೆ ಬೈಕು ಸ್ಟಾರ್ಟ್ ಆದ ಸದ್ದು... ಬಲಕ್ಕೆ ಗೋಡೆ, ಎಡಕ್ಕೆ ಚರಂಡಿ... ಎದುರಿಗೆ ಬೆಳಿಗ್ಗೆ ನೋಡಿದ ಅದೇ ಮನೆಯ ಬಾಗಿಲು. ಒಳಗೆ ನುಗ್ಗಿದೆ.

ಆ ಹೆಂಗಸು ಚಿಲಕ ಹಾಕಿದಳು. ನನ್ನ ಹಿಂದೆ ಓಡಿಬರುತ್ತಿದ್ದವರು ಯಾರು ಅಂತ ಅವಳಿಗೆ ಗೊತ್ತಿತ್ತು.

"ಕೂಗಿ ಅವರನ್ನ ಕರೀಬೇಡಿ ಅಕ್ಕ," ಅಂದೆ.

"ಕರಿಯಲ್ಲ. ನೀವು ಟ್ರಸ್ಟಿನೋರು ತಾನೆ? ಒಂದು ಮಾತು ಕೇಳ್ಬೇಕಿತ್ತು ಸಾರ್. ನನ್ನ ಮಗಳ ಅರ್ಜಿ ಯಾಕೆ ವಾಪಸ್ ಬಂತು?"

"ನಿಮಗೆ ಮಗಳಿದ್ದಾಳಾ?"

"ನನ್ನ ಹೊಟ್ಟೇಲಿ ಹುಟ್ಟಿದೋಳು. ಎರಡನೇ ವರ್ಷ. ಹಾಸ್ಟೆಲ್ಲಲ್ಲಿದ್ದಾಳೆ. ಇವತ್ತು ಐದು ಗಂಟೆ ಒಳಗೆ ಫೀಸು ಕಟ್ಟದಿದ್ರೆ ಪರೀಕ್ಷೆಗೆ ಕೂರಿಸಲ್ವಂತೆ. ನಮಗಿಂತ ಬಡವರು ಬೇಕಾ ಸಾರ್ ನಿಮಗೆ?"

ಗಡಿಯಾರ ನೋಡಿದೆ. ನಾಲ್ಕು ದಾಟಿತ್ತು.

"ಅಕ್ಕ... ಒಂದು ವಿಳಾಸಕ್ಕೆ ವರ್ಷಕ್ಕೆ ಒಬ್ಬರಿಗೇ ಸಹಾಯ. ಯಾರ ಅರ್ಜಿ ಮೊದಲು ಬಂತೋ ಅವರಿಗೆ. ನಿಮ್ಮ ಎರಡು ಬಾಗಿಲಿಂದಲೂ ಇಬ್ಬರು ಹುಡುಗರ ಅರ್ಜಿ ಮೊದಲೇ ಬಂದಿದೆ."

ಅವಳು ಗೋಡೆ ಹಿಡಿದುಕೊಂಡಳು.

"ಅಂದ್ರೆ... ನನ್ನ ಮಗಳಿಗೆ ಅಡ್ಡ ಬಂದಿದ್ದು ನಾನೇ?"

"ನೀವೇ."

ಬೆಳಿಗ್ಗೆ ಅಷ್ಟೊಂದು ಅತ್ತವಳ ಕಣ್ಣಲ್ಲಿ ಈಗ ಒಂದು ಹನಿಯಿಲ್ಲ. ಹೇಳಬಾರದಿತ್ತು ಅನಿಸಿತು.

ಬಾಗಿಲು ದಬದಬ ಬಡಿದ ಸದ್ದು.

"ಬಚ್ಚಲಿಗೆ ಹೋಗಿ," ಅಂದಳು. "ಮೇಷ್ಟ್ರ ಬಾಯಿಂದಲೇ ಹೇಳಿಸ್ತೀನಿ. ಕೇಳಿಸ್ಕೊಳ್ಳೋರು ಯಾರಾದ್ರೂ ಇದ್ದಾರಾ?"

ಇದ್ದರು! ಟ್ರಸ್ಟಿನ ಕಾರ್ಯದರ್ಶಿ ಮೇಡಂ. ನಗು ಅಂದರೆ ಆಗದ ಹೆಂಗಸು. ಬಚ್ಚಲಿನ ಬಾಗಿಲು ಓರೆ ಮಾಡಿ, ಫೋನ್ ಹಚ್ಚಿ, ಸ್ಪೀಕರ್ ಹಾಕಿ ಪಿಸುಗುಟ್ಟಿದೆ. "ಮೇಡಂ, ಮಾತಾಡಬೇಡಿ. ಬರೀ ಕೇಳಿ!"

ಹೊರಗೆ ಮೇಷ್ಟ್ರ ದನಿ. "ಎಲ್ಲಿ ಅವನು?"

"ಹಿಂಬಾಗಿಲಿಂದ ಹೋದ. ಮೇಷ್ಟ್ರೇ, ನನ್ನ ಮಗಳ ಅರ್ಜಿ ವಾಪಸ್ ಬಂದಿದ್ದು ನಿಮ್ಮಿಂದಲಂತೆ?"

"ಅದೆಲ್ಲ ಈಗ ಬೇಡ."

"ಈಗಲೇ ಬೇಕು! ಯಾರ್ಯಾರೋ ಶ್ರೀಮಂತರ ಮಕ್ಕಳಿಗೆ ನನ್ನನ್ನ ತಾಯಿ ಮಾಡಿದ್ರಲ್ಲ!"

ಅವನು ನಕ್ಕ. ಪಾಠ ಹೇಳುವ ಚಟ ಹೋಗಿರಲಿಲ್ಲ. "ನೋಡಮ್ಮ, ಐದು ವರ್ಷದಲ್ಲಿ ಹತ್ತು ಮಕ್ಕಳನ್ನ ನಿನ್ನ ಬಾಗಿಲು ತೋರಿಸಿ ಪಾಸ್ ಮಾಡಿಸಿದೀನಿ. ಒಬ್ಬನಪ್ಪಂದು ಮೂರು ಬಂಗಲೆ! ಅಂಥೋರು ನನಗೆ ಕೈತುಂಬ ಕೊಡ್ತಾರೆ. ನಿನ್ನ ಮಗಳ ಅರ್ಜಿ ಹೋದ್ರೆ ನನಗೇನು ಸಿಗುತ್ತೆ?"

"ಹನ್ನೊಂದನೇದು ನಾನು ಹೆತ್ತಿದ್ದು ಕಣೋ!"

ಅಷ್ಟರಲ್ಲಿ ನನ್ನ ಫೋನು ಗುಡುಗಿತು. "ಸಾಕು! ಪೊಲೀಸರನ್ನ ಕಳಿಸ್ತಿದ್ದೀನಿ!"

ಮೇಡಮ್ಮಿಗೆ ಬಾಯಿ ಮುಚ್ಚಿಕೊಂಡಿದ್ದು ಗೊತ್ತೇ ಇಲ್ಲ!

ಗೂಳಿ ಬಚ್ಚಲಿಗೆ ನುಗ್ಗಿದ. ಬಕೆಟ್ ನೀರು ಅವನ ಮುಖಕ್ಕೆ, ಬಕೆಟ್ ಅವನ ತಲೆಗೆ. ಅಲ್ಲಿಗೂ ಅವನು ನನ್ನ ಕುತ್ತಿಗೆಗೆ ಕೈ ಹಾಕಿದ. ಉಸಿರು ಕಟ್ಟಿತು... ಕಣ್ಣು ಕತ್ತಲೆ... ಢಣ್! ಗೂಳಿ ಕುಸಿದ. ಹಿಂದೆ ಅಕ್ಕ ಕುಕ್ಕರ್ ಹಿಡಿದು ನಿಂತಿದ್ದಳು. ಮೇಷ್ಟ್ರು ಹಿಂಬಾಗಿಲಿಗೆ ಓಡಿದ. ಕಾಲಿಗೆ ಬೆಕ್ಕು ಸಿಕ್ಕಿತು, ಬಿದ್ದ. ಅವನ ಬೆನ್ನ ಮೇಲೆ ನಾನು ಕೂತೆ. ಸುಸ್ತೂ ಆಗಿತ್ತು.

ಠಾಣೆ ಬೀದಿಯ ಮೂಲೆಯಲ್ಲೇ ಇತ್ತು. ಜೀಪು ಬಂತು. ಗುರುಶಿಷ್ಯರನ್ನು ಹತ್ತಿಸಿಕೊಂಡಿತು. ನಾನು ಮತ್ತೆ ಫೋನ್ ಹಚ್ಚಿದೆ.

"ಮೇಡಂ, ಆ ಎರಡು ಅರ್ಜಿ ತೆಗೆದುಹಾಕಿ, ಈ ಹುಡುಗಿದು ಪಾಸ್ ಮಾಡಿ. ಐದಾಗ್ತಾ ಬಂತು!"

"ಮನೆ ನೋಡದೆ ಆಗಲ್ಲ. ನೋಡಿದ್ದೀರಾ?"

"ಇವತ್ತೇ ಮೂರು ಸಲ ನೋಡಿದ್ದೀನಿ ಮೇಡಂ!"

ಆ ಕಡೆ ಕಾಗದ ಮಗುಚಿದ ಸದ್ದು. "ಆ ಹುಡುಗರಿಗೆ ತಾಯಿಯಾಗಿ ನಟಿಸಿದ ಹೆಂಗಸು?"

ಅಕ್ಕ ನನ್ನ ಮುಖ ನೋಡುತ್ತಿದ್ದಳು.

"ಅವರೇ ಸಾಕ್ಷಿ ಮೇಡಂ. ಅವರಿಲ್ಲದಿದ್ರೆ ಕೇಸೂ ಇಲ್ಲ, ನಾನೂ ಇಲ್ಲ."

ಮೇಡಂ ಉಸಿರೆಳೆದುಕೊಂಡಿದ್ದು ಕೇಳಿಸಿತು. "ಕಟ್ಟಿಸ್ತೀನಿ," ಅಂದರು.

ಇನ್ನೇನು ಐದಾಯಿತು ಅನ್ನುವಾಗ ಮಗಳ ಫೋನ್ ಬಂತು. ಫೀಸು ಬಂದಿದೆ, ಪರೀಕ್ಷೆಗೆ ಕೂರಬಹುದು! ಅಕ್ಕ ಅತ್ತಳು. ಸದ್ದೇ ಇಲ್ಲದ ಅಳು, ಸೆರಗೂ ಬಾಯಿಗೆ ಹೋಗಲಿಲ್ಲ. ನಾನು ಬೆಕ್ಕಿನ ಕಡೆ ನೋಡುತ್ತ ನಿಂತೆ.

ಹೊರಟವನನ್ನು ಕರೆದಳು.

"ಸಾರ್, ಹಾಸ್ಟೆಲ್ಲಿಂದು? ಊಟದ್ದು?"

"ನಮ್ಮದು ಫೀಸು ಮಾತ್ರ ಅಕ್ಕ. ಇಷ್ಟು ದಿನ ಹೇಗೆ ಕಟ್ಟಿದ್ರಿ?"

ಅವಳು ಜೀಪು ಹೋದ ದಿಕ್ಕು ನೋಡಿದಳು.

ಹುಡುಗಿಯ ಅನ್ನಕ್ಕೆ ದುಡ್ಡು ಕೊಡುತ್ತಿದ್ದ ಒಬ್ಬನೇ ಒಬ್ಬನನ್ನು ನಾನು ಆಗಷ್ಟೇ ಪೊಲೀಸರಿಗೆ ಹಿಡಿದುಕೊಟ್ಟಿದ್ದೆ!