ಸರ್ವರ್ ಕೋಣೆಗೆ ಬಂದವನು

"ಮೇಡಂ, ಸರ್ವರ್ ಎಲ್ಲಿ?"

ಆ ದನಿ ಕೇಳಿದ್ದೇ ತಡ, ಸುಚಿತಾ ಥಟ್ಟನೆ ತಲೆಯೆತ್ತಿದಳು. ಹೊನ್ನಾವರದ ಮೀನುಗಾರರ ಸೊಸೈಟಿಯ ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದವನು ನಿತ್ಯಾನಂದ! ಹೋದ ವರ್ಷ ಇವಳನ್ನೇ ಮದುವೆಯಾಗುತ್ತೇನೆಂದು ಹೇಳಿ, ಆಮೇಲೆ ತಿರುಗಿಯೂ ನೋಡದ ಪುಣ್ಯಾತ್ಮ.

ಕುಮಟೆಯಿಂದ ರಿಪೇರಿಯವರು ಬರುತ್ತಾರೆಂದು ಮ್ಯಾನೇಜರ್ ಹೇಳಿದ್ದರು. ಯಾರೆಂದು ಹೇಳಿರಲಿಲ್ಲ.

"ಬನ್ನಿ," ಎಂದು ಮುಖ ತಿರುಗಿಸಿ ಒಳಗೆ ನಡೆದಳು.

ಒಳಕೋಣೆಯಲ್ಲಿ ಸರ್ವರ್ ಬೆಳಿಗ್ಗೆಯಿಂದ ಕುಂಯ್ ಕುಂಯ್ ಎಂದು ಕೂಗುತ್ತಿತ್ತು. ಅದಕ್ಕೆ ಕರೆಂಟ್ ಕೊಡುವ ಎರಡು ಪವರ್ ಸಪ್ಲೈಗಳಲ್ಲಿ ಒಂದರ ದೀಪ ಹಸಿರು, ಇನ್ನೊಂದರದ್ದು ಕಿತ್ತಳೆ. ನಿತ್ಯಾನಂದ ಮೊದಲು ವೈರುಗಳನ್ನು ಅದಲುಬದಲು ಮಾಡಿದ. ಕಿತ್ತಳೆ ಹಾಗೇ ಇತ್ತು. ಆ ಸಪ್ಲೈ ಎಳೆದು ಹೊಸದನ್ನು ತೂರಿಸಿದ. ಹಸಿರು! ಕೂಗೂ ನಿಂತಿತು. ಇನ್ನು ಹೊರಡುತ್ತಾನೆ ಎಂದುಕೊಂಡರೆ, ಮಹರಾಯ ಹೊಸದನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಿದ.

"ಕೆಟ್ಟಿದ್ದನ್ನ ಮತ್ತೆ ಎಂತಕ್ಕೆ ಹಾಕ್ತೀರಿ?"

"ಸರಿ ಕೂತಿರ್ಲಿಲ್ವೇನೋ... ಇನ್ನೊಂದ್ಸಲ ನೋಡದೆ ಕೆಟ್ಟಿದೆ ಅಂತ ಹೇಳೂಕೆ ಆಗೂದಿಲ್ಲ."

ದೀಪ ಮತ್ತೆ ಕಿತ್ತಳೆಯಾಗಿ ಕೂಗು ಶುರುವಾಯಿತು. ಸುಚಿತಾಳಿಗೆ ಮೈಯೆಲ್ಲ ಉರಿದುಹೋಯಿತು.

"ಈ ಡಬ್ಬಕ್ಕೆ ಇನ್ನೊಂದ್ಸಲ! ನಂಗೆ?"

ಅವನ ಕೈ ನಿಂತಿತು. "ಹೆಣ್ಣು ಕೇಳೂಕೆ ಬೆಳಕೆ ಊರಿಗೆ, ನಿಮ್ಮನೆಗೆ ಬಂದ ನನ್ನ ಅಮ್ಮನಿಗೆ ನೀನು ಬೆಲ್ಲ-ನೀರೂ ಕೊಡ್ಲಿಲ್ಲ. ಬಾಗಿಲಲ್ಲೇ 'ಹೋಗಿ' ಅಂದೆ. ಬೇಡ ಅಂತ ಹೇಳೂಕೆ ಇನ್ನೆಂತ ಬೇಕು?"

ಮನೆಗೆ ಬಂದವರನ್ನು ಬಾಯಾರಿಕೆ ಕೇಳದೆ ಕಳಿಸುವುದೆಂದರೆ ಈ ಕಡೆ ಮುಖಕ್ಕೆ ಹೊಡೆದಂತೆ. ಅದು ಅವಳಿಗೆ ಗೊತ್ತಿರಲಿಲ್ಲವೇ?

"ಅಪ್ಪನ ದೋಣಿ ಮಗುಚಿದೆ ಅಂತ ಆಗಷ್ಟೇ ಫೋನ್ ಬಂದಿತ್ತು! ಒಳಗೆ ನನ್ನ ಅಮ್ಮ... ಅವಳಿಗೆ ಎದೆನೋವು ಇತ್ತು, ಸುದ್ದಿ ಹೇಳಿರ್ಲಿಲ್ಲ. ನಿನ್ನ ಅಮ್ಮ ಬಂದು ಕೂತ್ರೆ ನಾನು ಅತ್ತುಬಿಡ್ತಿದ್ದೆ. ಸಂಜೆ ಬೇರೆ ದೋಣಿಯವ್ರು ಅಪ್ಪನ್ನ ಬದುಕ್ಸಿ ತಂದ್ರು. ಆಮೇಲೆ ನಿಂಗೆ ಫೋನ್ ಮಾಡ್ದೆ, ಮಾಡ್ದೆ... ನೀನು ಎತ್ಲಿಲ್ಲ!"

ನಿತ್ಯಾನಂದನ ಮುಖ ಬಿಳಿಚಿಕೊಂಡಿತು. ಹಳೆಯದನ್ನು ಕಿತ್ತು ಹೊಸ ಸಪ್ಲೈಯನ್ನು ಮತ್ತೆ ಕೂರಿಸಿದ. ಕೂಗು ನಿಂತ ಕೋಣೆಯಲ್ಲಿ ಅವಳ ಬಿಕ್ಕು ಮಾತ್ರ ಉಳಿಯಿತು.

"ನಿನ್ನ ಮರೆಯೂಕೆ ಆಗ್ಲಿಲ್ಲ ಸುಚಿ... ಇವತ್ತಿಗೂ ಆಗ್ಲಿಲ್ಲ."

ವರ್ಷವಿಡೀ ಕಾದಿದ್ದ ಮಾತು! 'ಈಗಲಾದರೂ ಬಂದನಲ್ಲ...' ಎಂದು ಮನಸ್ಸು ಅರಳುವಷ್ಟರಲ್ಲಿ ಅವನೇ ತಲೆ ತಗ್ಗಿಸಿದ.

"ಮುಂದಿನ ತಿಂಗಳು ನನ್ನ ಮದುವೆ. ಹುಡುಗಿ ಹಳದೀಪುರದ ದೀಪಿಕಾ. ನೀನು ಹೂಂ ಅನ್ನು, ಇವತ್ತೇ ಬೇಡ ಅಂತ ಹೇಳಿ ಬರ್ತೆ."

'ಹೂಂ' ಅವಳ ನಾಲಗೆಯ ತುದಿಗೇ ಬಂದಿತ್ತು. ಎಷ್ಟು ಆಸೆಯಿತ್ತು! ನುಂಗಿಕೊಂಡಳು.

"ಅವಳು ಎಂತ ತಪ್ಪು ಮಾಡಿದ್ಲು? ನಾಳೆ ಅವಳೂ ನನ್ನ ಹಾಗೇ, ಯಾಕೆ ಬಿಟ್ಟ ಅಂತ ತಿಳೀದೆ ಕೂರ್ಬೇಕಾ?"

"ಹಾಗಾದ್ರೆ ನೀನು?"

"ನಾನು ಅಳ್ತೆ. ಇಷ್ಟು ದಿನ ಸಿಟ್ಟಲ್ಲಿ ಅಳ್ತಿದ್ದೆ... ಇನ್ನು ಸಿಟ್ಟಿಲ್ಲ."

ಅವನು ಬಾಗಿಲವರೆಗೆ ಹೋಗಿ ನಿಂತ. ಕಣ್ಣು ತುಂಬಿತ್ತು.

"ಹೋಗ್ಲಾ ಸುಚಿ?"

"ಹೋಗು. ಕಣ್ಣು ಒರೆಸ್ಕೊಂಡು ಗಾಡಿ ಹತ್ತು ಮಾರಾಯಾ... ಹೈವೇಲಿ ನಿಧಾನ ಹೋಗು."